ನಾಯಿಯ ಕಜ್ಜಿ, ದುರ್ವಾಸನೆ ಮತ್ತು ಹೊಟ್ಟೆಯ ತೊಂದರೆ

ಹಸುವಿಗೆ ಕೆಚ್ಚಲು ಬಾವು ಬಂದರೆ ಅದೇ ದಿನ ಮೃಗವೈದ್ಯರಿಗೆ ಹೇಳಿಕಳುಹಿಸುತ್ತೇವೆ. ಹಾಲು ಸೊಸೈಟಿಗೆ ಹೋಗಬೇಕಲ್ಲ! ನಾಯಿಗೆ ಕಜ್ಜಿ ಹಿಡಿದು, ರೋಮ ಉದುರಿ, ಹತ್ತಿರ ಬಂದರೆ ಮೂಗು ಮುಚ್ಚಿಕೊಳ್ಳುವಂತಾದರೆ ಮೊದಲು ಕಲ್ಲು, ಆಮೇಲೆ ಕರಿ ಆಯಿಲ್, ಕೊನೆಗೆ ಗೋಣಿಯಲ್ಲಿ ಕಟ್ಟಿ ದೂರದ ಮೀನು ಮಾರುಕಟ್ಟೆಯ ಬಳಿ ಬಿಟ್ಟುಬರುವುದು. ನಮ್ಮ ಕಾಸರಗೋಡು ಸೀಮೆಯ ರಸ್ತೆ ಬದಿಯಲ್ಲಿ ಅಲೆಯುವ ನಾಯಿಗಳಲ್ಲಿ ಕೆಲವಾದರೂ ಹೀಗೆ ಯಾರದೋ ಅಡಿಕೆ ತೋಟ ಕಾದು ಬಂದವುಗಳೇ. ಅವುಗಳಿಗೆ ಇದ್ದ ರೋಗ ಹೆಚ್ಚಾಗಿ ಗುಣವಾಗುವಂಥದ್ದು. ಆದ್ದರಿಂದ ಈ ಸಲದ ಅಂಕಣವನ್ನು ನಾಯಿಗೆ ಮೀಸಲಿಡುತ್ತೇವೆ.

ವಾಸನೆ ಬಂದ ಕೂಡಲೇ ಸ್ನಾನ ಮಾಡಿಸುವುದು ರೂಢಿ. ಅದಕ್ಕಿಂತ ಮೊದಲು ವಾಸನೆ ಎಲ್ಲಿಂದ ಬರುತ್ತದೆ ಎಂದು ಹುಡುಕಿ. ಕಿವಿ ಮಡಚಿ ಮೂಸಿ ನೋಡಿ. ಕಂದು ಬಣ್ಣದ ಅಂಟು ಕೊಳೆ ಇದ್ದು ನಾಯಿ ತಲೆ ಕೊಡವುತ್ತಿದ್ದರೆ ಅದು ಕಿವಿಯ ಸೋಂಕು. ಎಷ್ಟು ಮೀಯಿಸಿದರೂ ಹೋಗದು, ಕಿವಿಗೆ ನೀರು ಹೋದರೆ ಹೆಚ್ಚುತ್ತದೆ. ಬಾಯಿ ನಾರಿದರೆ ಹಲ್ಲಿನ ಬುಡದ ಕಿಟ್ಟ ನೋಡಿ. ಕೊಳೆತ ಮೀನಿನಂತಹ ವಾಸನೆ ಬಂದು ನಾಯಿ ಕುಂಡೆಯನ್ನು ನೆಲಕ್ಕೆ ಉಜ್ಜುತ್ತಿದ್ದರೆ ಗುದದ ಎರಡು ಬದಿಯ ಸಣ್ಣ ಚೀಲಗಳು ತುಂಬಿರುತ್ತವೆ. ಅದನ್ನು ಹಿಂಡಿ ತೆಗೆಯಲು ವೈದ್ಯರಿಗೆ ಐದು ನಿಮಿಷ ಸಾಕು. ಇಡೀ ಮೈ ಜಿಡ್ಡಾಗಿ ಹಳಸಿದ ಎಣ್ಣೆಯ ಹಾಗೆ ನಾರಿದರೆ ಚರ್ಮದ ಮೇಲೆ ಯೀಸ್ಟ್ ಎಂಬ ಬೂಷ್ಟು ಬೆಳೆದಿರುವ ಸಂಭವ ಹೆಚ್ಚು. ಆಟಿ ತಿಂಗಳಲ್ಲಿ ಒದ್ದೆಯಾಗಿಯೇ ಮಲಗುವ ನಾಯಿಗಳಿಗೆ, ಅದರಲ್ಲೂ ಬೆರಳುಗಳ ಸಂದಿಯಲ್ಲಿ, ಇದು ಸಾಮಾನ್ಯ. ವೈದ್ಯರು ಬರೆದುಕೊಡುವ ಶಾಂಪೂ ಹಚ್ಚಿ ಹತ್ತು ನಿಮಿಷ ಬಿಟ್ಟು ತೊಳೆಯಬೇಕು. ಹಚ್ಚಿದ ಕೂಡಲೇ ನೀರು ಹೊಯ್ದರೆ ದುಡ್ಡು ಚರಂಡಿಗೆ. ನಾವು ಮೀಯುವ ಸಾಬೂನು ನಾಯಿಯ ಚರ್ಮವನ್ನು ಒಣಗಿಸಿ ತುರಿಕೆ ಹೆಚ್ಚಿಸುತ್ತದೆ. ಬಟ್ಟೆ ಸೋಪಿನ ಮಾತೇ ಬೇಡ.

ತುರಿಕೆಗೂ ಜಾಗದ ಗುರುತು ಇದೆ. ಬಾಲದ ಬುಡ ಮತ್ತು ಸೊಂಟವನ್ನು ಕಚ್ಚಿಕೊಳ್ಳುತ್ತಿದ್ದರೆ ಚಿಗಟ. ಕಿವಿಯ ಅಂಚು, ಮೊಣಕೈ, ಹೊಟ್ಟೆಯ ಅಡಿ ಬೋಳಾಗಿ ಹೊಪ್ಪಳೆ ಕಟ್ಟಿ, ರಾತ್ರಿ ಹಗಲು ಕೆರೆದುಕೊಳ್ಳುತ್ತಿದ್ದರೆ ಹುಳಕಜ್ಜಿ. ಕಣ್ಣಿಗೆ ಕಾಣದಷ್ಟು ಸಣ್ಣ ನುಸಿ ಚರ್ಮದೊಳಗೆ ಕೊರೆದು ಹೋಗುವುದರಿಂದ ಬರುವ ಕಜ್ಜಿ ಇದು. ನಾಯಿಯನ್ನು ಅಪ್ಪಿಕೊಂಡು ಆಡುವ ಮಕ್ಕಳ ಕೈ, ಹೊಟ್ಟೆಯ ಮೇಲೂ ಕೆಂಪು ಗುಳ್ಳೆ ಎದ್ದು ತುರಿಸೀತು. ಮರಿಗಳ ಕಣ್ಣು, ಬಾಯಿಯ ಸುತ್ತ ಅಷ್ಟೇನೂ ತುರಿಕೆಯಿಲ್ಲದೆ ರೋಮ ಉದುರುವುದು ಇನ್ನೊಂದು ಜಾತಿಯ ನುಸಿಯಿಂದ. ಅದು ಮನುಷ್ಯರಿಗೆ ಹರಡದು. ಉಣ್ಣಿಯಂತೂ ತುರಿಕೆ ಮಾತ್ರವಲ್ಲ, ರಕ್ತದ ರೋಗವನ್ನೂ ತರುತ್ತದೆ. ಜ್ವರ, ಬಿಳಿಚಿದ ಒಸಡು, ಮೂಗಿನಲ್ಲಿ ರಕ್ತ, ಕಾಫಿ ಬಣ್ಣದ ಮೂತ್ರ ಕಂಡರೆ ನಾಳೆ ನೋಡೋಣ ಎನ್ನಬಾರದು.

ಈಗ ಮನೆಮದ್ದು. ಕರಿ ಆಯಿಲ್, ಚಿಮಿಣಿ ಎಣ್ಣೆ, ಫಿನಾಯಿಲ್ ಈ ಮೂರೂ ವಿಷ. ಚರ್ಮ ಸುಡುತ್ತವೆ, ನಾಯಿ ಮೈ ನೆಕ್ಕುವುದರಿಂದ ಹೊಟ್ಟೆಗೂ ಹೋಗುತ್ತವೆ. ತೋಟಕ್ಕೆ ಬಿಡುವ ಕೀಟನಾಶಕವನ್ನು ನೀರಿಗೆ ಬೆರೆಸಿ ನಾಯಿಗೆ ಹೊಯ್ಯುವವರೂ ಇದ್ದಾರೆಂದು ಕೇಳಿದ್ದೇವೆ. ತೋಟದ ವಿಷ ಜೀವಕ್ಕೆ ಏನು ಮಾಡುತ್ತದೆಂದು ಬೇರೆ ಊರಿನವರಿಗೆ ವಿವರಿಸಬೇಕಾದೀತು. 2011ರಲ್ಲಿ ಸುಪ್ರೀಂ ಕೋರ್ಟ್ ಎಂಡೋಸಲ್ಫಾನನ್ನು ನಿಷೇಧಿಸುವ ಮೊದಲು ಎಣ್ಮಕಜೆಯ ಮನೆಗಳಲ್ಲಿ ಆದದ್ದನ್ನು ಕಂಡ ನಮಗೆ ವಿವರಿಸಬೇಕೇ? ಕೊಳೆರೋಗಕ್ಕೆ ಮೈಲುತುತ್ತು ಬಿಡುವ ದಿನವೂ ನಾಯಿಯನ್ನು ಕಟ್ಟಿಹಾಕಿ, ಡ್ರಮ್ಮಿನಲ್ಲಿ ಉಳಿದ ನೀರು ಕುಡಿಯದಂತೆ ನೋಡಿಕೊಳ್ಳಿ.

ಹಿರಿಯರು ತೆಂಗಿನೆಣ್ಣೆಯಲ್ಲಿ ಗಂಧಕ ಕಲಸಿ ಹಚ್ಚುತ್ತಿದ್ದುದು ಹುರುಳಿಲ್ಲದ ಮಾತಲ್ಲ. ಗಂಧಕ ನುಸಿಯನ್ನು ಕೊಲ್ಲುತ್ತದೆ, ಸುಣ್ಣ ಮತ್ತು ಗಂಧಕದ ದ್ರಾವಣವನ್ನು ಪಶುವೈದ್ಯರೂ ಬಳಸುತ್ತಾರೆ. ಆದರೆ ಅಂದಾಜಿನಲ್ಲಿ ಕಲಸಿದ್ದು ಹೆಚ್ಚಾದರೆ ಚರ್ಮ ಸುಲಿಯುತ್ತದೆ. ಬರಿಯ ತೆಂಗಿನೆಣ್ಣೆ ಒಣ ಚರ್ಮಕ್ಕೆ ಒಳ್ಳೆಯದು, ಕಜ್ಜಿ ಗುಣಪಡಿಸದು. ಬೇವು ಚಿಗಟವನ್ನು ಸ್ವಲ್ಪ ದೂರ ಇಟ್ಟೀತು, ಒಳಗಿನ ನುಸಿಯನ್ನು ಮುಟ್ಟದು. ಉಣ್ಣಿ ಬಾರದಿರಲೆಂದು ಬೆಳ್ಳುಳ್ಳಿ ತಿನ್ನಿಸುವುದನ್ನು ಮಾತ್ರ ಬಿಡಲೇಬೇಕು; ಬೆಳ್ಳುಳ್ಳಿ, ನೀರುಳ್ಳಿ ನಾಯಿಯ ರಕ್ತಕಣಗಳನ್ನು ಒಡೆಯುತ್ತವೆ.

ಹುಳಕಜ್ಜಿಗೂ ಉಣ್ಣಿಗೂ ಈಗ ತಿಂಗಳಿಗೊಮ್ಮೆ ಅಥವಾ ಮೂರು ತಿಂಗಳಿಗೊಮ್ಮೆ ನುಂಗಿಸುವ ಮಾತ್ರೆಗಳು ಬಂದಿವೆ. ಬೆಲೆ ಸ್ವಲ್ಪ ಹೆಚ್ಚು. ಐವರ್ಮೆಕ್ಟಿನ್ ಅಗ್ಗವಾದರೂ ಹಸುವಿಗೆ ತಂದು ಉಳಿದ ಬಾಟಲಿಯಿಂದ ನಾಯಿಗೆ ಚುಚ್ಚಬೇಡಿ. ಅಳತೆ ತಪ್ಪಿದರೆ ನರಗಳಿಗೆ ಪೆಟ್ಟು ಬಿದ್ದು ನಾಯಿ ಸಾಯುತ್ತದೆ, ಕೆಲವು ತಳಿಗಳಿಗಂತೂ ಸ್ವಲ್ಪವೇ ಸಾಕು. ನಾಯಿಯ ಬೆನ್ನಿಗೆ ಬಿಡುವ ಪರ್ಮೆಥ್ರಿನ್ ಮದ್ದು ಮನೆಯ ಬೆಕ್ಕಿಗೆ ಮಾರಕ ಎಂಬುದೂ ನೆನಪಿರಲಿ. ಯಾವ ಮದ್ದು ಕೊಟ್ಟರೂ ನಾಯಿ ಮಲಗುವ ಗೋಣಿಯನ್ನು ಸುಟ್ಟು, ಸೌದೆ ಕೊಟ್ಟಿಗೆಯ ಗೋಡೆಯ ಬಿರುಕುಗಳನ್ನು ಮುಚ್ಚಬೇಕು. ಒಂದು ಹೆಣ್ಣು ಉಣ್ಣಿ ಅಲ್ಲಿ ಸಾವಿರಗಟ್ಟಲೆ ಮೊಟ್ಟೆಯಿಡುತ್ತದೆ.

ಆಹಾರದ ವಿಷಯಕ್ಕೆ ಬರೋಣ. ನಮ್ಮಲ್ಲಿ ನಾಯಿಯ ಊಟವೆಂದರೆ ಕುಚ್ಚಲಕ್ಕಿ ಅನ್ನಕ್ಕೆ ಉಳಿದ ಮೀನುಸಾರು. ಮೀನು ನಾವು ತಿಂದಿರುತ್ತೇವೆ, ನಾಯಿಗೆ ಸಿಗುವುದು ಉಪ್ಪು, ಹುಳಿ, ಖಾರ. ಬರೀ ಅನ್ನ ತಿಂದ ನಾಯಿಯ ಹೊಟ್ಟೆ ತುಂಬುತ್ತದೆ, ಚರ್ಮಕ್ಕೆ ಬೇಕಾದ ಸಸಾರಜನಕ ಮತ್ತು ಕೊಬ್ಬು ಸಿಗದೆ ರೋಮ ಒರಟಾಗಿ ಹೊಟ್ಟು ಏಳುತ್ತದೆ. ಧಾನ್ಯವೇ ಹೆಚ್ಚಾದರೆ ಸತುವೂ ಮೈಗೆ ಹತ್ತದೆ ಬಾಯಿ, ಕಣ್ಣಿನ ಸುತ್ತ ಹೊಪ್ಪಳೆ ಕಟ್ಟುವುದುಂಟು. ಎರಡು ಹಿಡಿ ಅನ್ನಕ್ಕೆ ಒಂದು ಹಿಡಿಗಿಂತ ಕಡಿಮೆಯಿಲ್ಲದಂತೆ ಬೇಯಿಸಿದ ಮೀನು, ಮಾಂಸ ಅಥವಾ ಮೊಟ್ಟೆ ಇರಲಿ. ಜೊತೆಗೆ ಸ್ವಲ್ಪ ಬೆಂದ ಚೀನಿಕಾಯಿ. ಬೂತಾಯಿ ಅಗ್ಗವಾದ ದಿನ ಅದಕ್ಕಿಂತ ಒಳ್ಳೆಯ ಚರ್ಮದ ಮದ್ದು ಪೇಟೆಯಲ್ಲಿಲ್ಲ. ಅದರ ಎಣ್ಣೆ ತುರಿಕೆಯ ಉರಿಯನ್ನೂ ತಗ್ಗಿಸುತ್ತದೆ. ಉಪ್ಪಿಲ್ಲದೆ ಮೆತ್ತಗೆ ಬೇಯಿಸಿ ಮುಳ್ಳು ಪುಡಿಯಾಗುವಂತೆ ಹಿಸುಕಿ ಕೊಡಿ. ಬೇಯಿಸಿದ ಕೋಳಿಯ ಎಲುಬು ಚೂಪಾಗಿ ಸೀಳಿ ಕರುಳಿಗೆ ಚುಚ್ಚುವುದರಿಂದ ಬೇಡ. ಆಹಾರ ಬದಲಿಸುವಾಗ ಒಂದು ವಾರದಲ್ಲಿ ಸ್ವಲ್ಪ ಸ್ವಲ್ಪವಾಗಿ ಬದಲಿಸಿ. ನುಸಿ, ಉಣ್ಣಿ ಏನೂ ಇಲ್ಲದೆ ವರ್ಷವಿಡೀ ತುರಿಸುವ ನಾಯಿಗೆ ದನದ ಮಾಂಸ, ಹಾಲು, ಕೋಳಿ, ಗೋಧಿ ಇವುಗಳಲ್ಲೊಂದು ಒಗ್ಗದಿರಬಹುದು. ಅದುವರೆಗೆ ತಿನ್ನದ ಒಂದೇ ಬಗೆಯ ಮೀನು ಅಥವಾ ಮಾಂಸವನ್ನು ಅನ್ನದೊಡನೆ ಎಂಟು ವಾರ ಕೊಟ್ಟು ನೋಡಬೇಕು. ನಡುವೆ ಮಕ್ಕಳು ಒಂದು ಬಿಸ್ಕತ್ತು ಎಸೆದರೂ ಪರೀಕ್ಷೆ ಕೆಟ್ಟಿತು.

ನಾಯಿಗೆ ಹೊಟ್ಟೆ ಕೆಡುವುದು ಹೆಚ್ಚಾಗಿ ನಮ್ಮ ಹಬ್ಬದ ಮರುದಿನ. ಹಂದಿಮಾಂಸದ ಕೊಬ್ಬು ಒಮ್ಮೆಲೇ ತಿಂದು ಮೇದೋಜೀರಕ ಗ್ರಂಥಿ ಊದಿಕೊಂಡರೆ ಪ್ರಾಣಕ್ಕೇ ಅಪಾಯ. ಕ್ರಿಸ್‌ಮಸ್ ಕೇಕಿನ ಒಣದ್ರಾಕ್ಷಿ ಮೂತ್ರಪಿಂಡ ಕೆಡಿಸುತ್ತದೆ. ಸಾಧಾರಣ ಭೇದಿಯಾದರೆ ದೊಡ್ಡ ನಾಯಿಗೆ ಅರ್ಧ ದಿನ ಊಟ ಬಿಡಿಸಿ, ನೀರನ್ನು ಸ್ವಲ್ಪ ಸ್ವಲ್ಪವಾಗಿ ಕೊಡಿ. ಬಳಿಕ ಮೂರು ದಿನ ಮೆತ್ತಗಿನ ಅನ್ನ, ಚರ್ಮ ತೆಗೆದು ಬೇಯಿಸಿದ ಕೋಳಿ. ಹಾಲು ಬೇಡ, ಹಲವು ನಾಯಿಗಳಿಗೆ ಅದು ಜೀರ್ಣವಾಗದು. ಮರಿಗಳನ್ನು ಉಪವಾಸ ಕೆಡವಬಾರದು. ಮರಿ ವಾಂತಿ ಮಾಡಿ ರಕ್ತಭೇದಿಯಾದರೆ ಪಾರ್ವೊ ಇರಬಹುದು, ಗಂಟೆ ಲೆಕ್ಕದಲ್ಲಿ ಆಸ್ಪತ್ರೆಗೆ ಒಯ್ಯಿರಿ. ನಮ್ಮ ಮೈಕೈ ನೋವಿನ ಡಿಕ್ಲೋಫಿನಾಕ್, ಐಬುಪ್ರೊಫೇನ್ ಮಾತ್ರೆ ಕೊಟ್ಟರೆ ನಾಯಿಯ ಹೊಟ್ಟೆಯಲ್ಲಿ ಹುಣ್ಣಾಗಿ ರಕ್ತ ಸುರಿಯುತ್ತದೆ.

ಬಾರಿ ಬಾರಿ ಹೊಟ್ಟೆ ಕೆಡುವುದು, ಡೊಳ್ಳು ಹೊಟ್ಟೆ, ಮಂಕು ರೋಮ ಇವು ಜಂತುವಿನ ಲಕ್ಷಣ. ಒಂದು ಸ್ವಾರಸ್ಯ ಹೇಳಬೇಕು: ನಮ್ಮ ಅಡಿಕೆಯಲ್ಲಿರುವ ಅರಿಕೋಲಿನ್ ಹಿಂದೆ ಹೊರದೇಶಗಳಲ್ಲಿ ನಾಯಿಯ ಲಾಡಿಹುಳಕ್ಕೆ ಮದ್ದಾಗಿತ್ತು. ನಾಯಿಗಳಿಗೆ ತೀರಾ ಸಂಕಟವಾಗುತ್ತಿದ್ದುದರಿಂದ, ಪ್ರಾಜಿಕ್ವಾಂಟೆಲ್ ಬಂದ ಮೇಲೆ ಅದನ್ನು ಕೈಬಿಟ್ಟರು. ಹಾಗಾಗಿ ಯಾರೂ ಅಡಿಕೆ ಅರೆದು ಕುಡಿಸಲು ಹೋಗಬೇಡಿ. ಮರಿಗೆ ಎರಡು ವಾರ ತುಂಬಿದಾಗ ಮೊದಲ ಜಂತುಮದ್ದು, ಎಂಟು ವಾರದವರೆಗೆ ಹದಿನೈದು ದಿನಕ್ಕೊಮ್ಮೆ, ಆರು ತಿಂಗಳವರೆಗೆ ತಿಂಗಳಿಗೊಮ್ಮೆ, ಮುಂದೆ ಮೂರು ತಿಂಗಳಿಗೊಮ್ಮೆ. ನಾಯಿಯ ಮಲದಲ್ಲಿನ ಜಂತುವಿನ ಮೊಟ್ಟೆ ಮಕ್ಕಳ ಕೈಯಿಂದ ಬಾಯಿಗೆ ಹೋದರೆ ಮರಿಹುಳ ಕಣ್ಣು, ಯಕೃತ್ತು ಸೇರಬಹುದು. ಕೊಕ್ಕೆಹುಳದ ಮರಿ ಬರಿಗಾಲಿನ ಚರ್ಮ ಕೊರೆದು ಹಾವಿನಂತೆ ಕೆಂಪು ಗೆರೆ ಎಳೆಯುತ್ತದೆ. ಅಂಗಳದ ಮಲವನ್ನು ದಿನವೂ ತೆಗೆದು ಹೂಳಿ. ತರಕಾರಿ ಸಾಲಿಗೆ ಗೊಬ್ಬರವಾಗಿ ಹಾಕಬೇಡಿ.

ಮೂರು ತಿಂಗಳಿಗೆ ರೇಬೀಸ್ ಲಸಿಕೆ, ವರ್ಷದ ಮೇಲೆ ಮತ್ತೊಮ್ಮೆ, ಮುಂದೆ ವೈದ್ಯರು ಹೇಳಿದಂತೆ. ಕಜ್ಜಿಗೆಂದು ಆಸ್ಪತ್ರೆಗೆ ಒಯ್ದ ದಿನವೇ ಅದನ್ನೂ ಕೇಳಿ. ಮದ್ದಿನ ಪೊಟ್ಟಣದ ಮೇಲೆ ಇಂಗ್ಲಿಷ್, ಚೀಟಿಯಲ್ಲಿ ಮಲಯಾಳ ಇರುತ್ತದೆ. ಮನೆಯಲ್ಲಿ ಮದ್ದು ಕುಡಿಸುವ ಅಜ್ಜಿಗೆ ಎರಡೂ ಓದಲು ಬರದಿದ್ದರೆ ಎಷ್ಟು, ಎಷ್ಟು ಹೊತ್ತಿಗೆ, ಎಷ್ಟು ದಿನ ಎಂಬುದನ್ನು ಅಲ್ಲಿಯೇ ಕೇಳಿ ಕನ್ನಡದಲ್ಲಿ ಬರೆದುಕೊಂಡು ಬನ್ನಿ. ನಾಯಿಯನ್ನು ತೂಗಿಸಿ ತೂಕವನ್ನೂ ಅದರಲ್ಲೇ ಬರೆದಿಡಿ. ಮುಂದಿನ ಸಲ ಜಂತುಮದ್ದಿನ ಅಳತೆ ಕೇಳುವಾಗ ಬೇಕಾಗುತ್ತದೆ.