ಚೂರು ಜೋಡಿಸುವ ಆಟ ಮತ್ತು ಮನಸ್ಸಿನ ವಿಶ್ರಾಂತಿ

ದೇಹ ದಣಿದಾಗ ಸ್ವಲ್ಪ ಹೊತ್ತು ಕುಳಿತರೆ ವಿಶ್ರಾಂತಿ ದೊರೆಯುತ್ತದೆ. ಮನಸ್ಸಿನ ದಣಿವು ಹಾಗಲ್ಲ. ಸುಮ್ಮನೆ ಕುಳಿತಷ್ಟೂ ಅದು ಹೆಚ್ಚು ಓಡುತ್ತದೆ. ರೋಣ, ನರಗುಂದ, ಗಜೇಂದ್ರಗಡ ತಾಲ್ಲೂಕುಗಳ ಎರೆಹೊಲದಲ್ಲಿ ಹೆಸರು ಬಿತ್ತಿದ ರೈತನು, ಮಳೆ ತಡವಾದ ವರ್ಷ, ಮುಗಿಲು ನೋಡುತ್ತ ಕಟ್ಟೆಯ ಮೇಲೆ ಕುಳಿತಿರುತ್ತಾನೆ. ಕೈಗೆ ಕೆಲಸವಿಲ್ಲ, ತಲೆಗೆ ಬಿಡುವಿಲ್ಲ. ಮಕ್ಕಳು ಬೆಂಗಳೂರು, ಪುಣೆ ಸೇರಿರುವ ಮನೆಗಳಲ್ಲಿ ಹಿರಿಯರ ಮಧ್ಯಾಹ್ನಗಳೂ ಬಹುತೇಕ ಹೀಗೆಯೇ ಕಳೆಯುತ್ತವೆ. ಇಂಥ ಹೊತ್ತಿನಲ್ಲಿ ಈಗ ಎಲ್ಲರ ಕೈ ಮೊಬೈಲಿನತ್ತ ಹೋಗುತ್ತದೆ. ಅದಕ್ಕಿಂತ ಹಿತವಾದ ಒಂದು ಹವ್ಯಾಸವನ್ನು, ಅಂದರೆ ಚೂರುಗಳನ್ನು ಕೂಡಿಸಿ ಚಿತ್ರ ಮಾಡುವ ಆಟವನ್ನು, ಸದ್ಭಕ್ತರಿಗೆ ಪರಿಚಯಿಸುವುದು ಈ ಲೇಖನದ ಉದ್ದೇಶ. ಇದನ್ನು ಜಿಗ್‌ಸಾ ಪಜಲ್ ಎನ್ನುತ್ತಾರೆ. ಮಕ್ಕಳ ಆಟಿಕೆಯ ಅಂಗಡಿಯಲ್ಲಿ ಇದನ್ನು ಕಂಡವರು ಅನೇಕರಿದ್ದರೂ, ದೊಡ್ಡವರೂ ಆಡಬಹುದೆಂದು ಎಣಿಸಿದವರು ಕಡಿಮೆ.

ಇದರ ಹುಟ್ಟು ಪಾಠಶಾಲೆಗೆ ಸಂಬಂಧಿಸಿದ್ದು. ಲಂಡನ್ನಿನ ನಕಾಶೆ ತಯಾರಕ ಜಾನ್ ಸ್ಪಿಲ್ಸ್‌ಬರಿ 1760ರ ದಶಕದಲ್ಲಿ ಭೂಪಟವನ್ನು ಮರದ ಹಲಗೆಗೆ ಅಂಟಿಸಿ, ದೇಶಗಳ ಗಡಿಯ ಗುಂಟ ಕೊಯ್ದು, ಮಕ್ಕಳಿಗೆ ಭೂಗೋಳ ಕಲಿಸುವುದಕ್ಕಾಗಿ ಮಾರುತ್ತಿದ್ದನು. ದೊಡ್ಡವರ ಮನೆಗಳಿಗೆ ಅದು ವ್ಯಾಪಕವಾಗಿ ಹೊಕ್ಕಿದ್ದು 1930ರ ದಶಕದಲ್ಲಿ. ಅಮೆರಿಕದಲ್ಲಿ ಆಗ ಮಹಾ ಆರ್ಥಿಕ ಕುಸಿತ. ಉದ್ಯೋಗ ಕಳೆದುಕೊಂಡವರು ಅಗ್ಗದ ರಟ್ಟಿನ ಚಿತ್ರಗಳನ್ನು ಕೊಂಡರು. ಕೊಳ್ಳಲಾರದವರು ಗ್ರಂಥಾಲಯಗಳಿಂದ, ಅಂಗಡಿಗಳಿಂದ ಬಾಡಿಗೆಗೆ ತಂದು ಜೋಡಿಸಿ ಹಿಂದಿರುಗಿಸಿದರು. ಮುಂದೆ 2020ರಲ್ಲಿ ಕೋವಿಡ್ ಕಾಲದ ದಿಗ್ಬಂಧನದಲ್ಲಿ ಜಗತ್ತಿನ ಅನೇಕ ಕಡೆ ಇದಕ್ಕೆ ಮತ್ತೆ ಬೇಡಿಕೆ ಬಂದಿತು. ಎರಡೂ ಸಂದರ್ಭಗಳಲ್ಲಿ ಜನರಿಗೆ ಹೊತ್ತು ಹೆಚ್ಚಾಗಿತ್ತು, ಚಿಂತೆಯೂ ಹೆಚ್ಚಾಗಿತ್ತು ಎಂಬುದನ್ನು ಗಮನಿಸಬೇಕು.

ಹೆಸರು ಹೊಸದಾದರೂ ಈ ಕ್ರಿಯೆ ನಮ್ಮ ತಾಯಂದಿರಿಗೆ ಹೊಸದಲ್ಲ. ಉತ್ತರ ಕರ್ನಾಟಕದ ಕೌದಿಯನ್ನೇ ನೋಡಿರಿ. ಹಳೆಯ ಸೀರೆ, ಧೋತರ, ಕುಬಸದ ತುಂಡುಗಳನ್ನು ಹರವಿಕೊಂಡು, ಯಾವ ಬಣ್ಣದ ಪಕ್ಕದಲ್ಲಿ ಯಾವುದು ಕೂಡುತ್ತದೆ, ಯಾವ ಮೂಲೆಗೆ ಯಾವ ಅಳತೆಯ ತುಂಡು ಹೊಂದುತ್ತದೆ ಎಂದು ಇಟ್ಟು ತೆಗೆದು, ತೆಗೆದು ಇಟ್ಟು ನೋಡುವುದು. ಬಳಿಕ ಅಂಚಿನಿಂದ ನಡುವಿನ ಕಡೆಗೆ ಸಾಲುಸಾಲಾಗಿ ಹೊಲಿಯುತ್ತ ಬರುವುದು. ನೆರೆಮನೆಯವರು ಬಂದು ಒಂದು ಮಗ್ಗುಲಲ್ಲಿ ಕುಳಿತರೆ ಕೆಲಸದ ಜೊತೆಗೆ ಸುಖದುಃಖದ ಮಾತೂ ಆಗುತ್ತದೆ. ಹನ್ನೆರಡನೆಯ ಶತಮಾನದ ಶರಣರಲ್ಲಿ ಸೂಜಿಕಾಯಕದ ರಾಮಿತಂದೆ ಎಂಬ ವಚನಕಾರರಿದ್ದರೆಂಬುದನ್ನು ಇಲ್ಲಿ ನೆನೆಯಬಹುದು.

ಕೌದಿಯು ಕಾಯಕ, ಹೊದೆಯಲು ಬರುತ್ತದೆ. ಚಿತ್ರಜೋಡಣೆಯು ವಿಶ್ರಾಂತಿ ಮಾತ್ರ, ಮುಗಿದ ಮೇಲೆ ಕೆಡವಿ ಡಬ್ಬಿಗೆ ಹಾಕಬೇಕು. ಆದ್ದರಿಂದ ಕಣ್ಣು, ಬೆರಳು ಗಟ್ಟಿಯಿದ್ದು ಕೌದಿ ಹೊಲಿಯಬಲ್ಲವರು ಅದನ್ನು ಬಿಟ್ಟು ಇದನ್ನು ಹಿಡಿಯಬೇಕಾಗಿಲ್ಲ. ಸೂಜಿಗೆ ದಾರ ಪೋಣಿಸಲಾಗದ ವಯಸ್ಸಿನವರಿಗೆ, ಹೊಲಿಗೆ ತಿಳಿಯದ ಗಂಡಸರಿಗೆ, ಪರೀಕ್ಷೆಯ ಒತ್ತಡದಲ್ಲಿರುವ ವಿದ್ಯಾರ್ಥಿಗಳಿಗೆ ಇದು ಒದಗುತ್ತದೆ.

ಇದರಿಂದ ಮನಸ್ಸು ಹಗುರಾಗುವುದು ಹೇಗೆ? ಏಕಕಾಲಕ್ಕೆ ನಮ್ಮ ಗಮನ ಹಿಡಿದಿಡಬಲ್ಲ ಸಂಗತಿಗಳು ಕೆಲವೇ. ಒಂದು ಚೂರನ್ನು ಕೈಯಲ್ಲಿ ಹಿಡಿದು ಅದರ ಬಣ್ಣ, ಆಕಾರ, ಅಂಚಿನ ತಿರುವು ಇವನ್ನು ನೆನಪಿಟ್ಟುಕೊಂಡು ಹೊಂದುವ ಜಾಗ ಹುಡುಕುವಾಗ ಆ ಸ್ಥಳವೆಲ್ಲ ತುಂಬಿಹೋಗುತ್ತದೆ. ಒಂದೇ ಚಿಂತೆಯನ್ನು ಮತ್ತೆ ಮತ್ತೆ ಮೆಲುಕು ಹಾಕಲು ಎಡೆ ಉಳಿಯುವುದಿಲ್ಲ. ಎದುರಾಳಿ ಇಲ್ಲದ್ದರಿಂದ ಸೋಲಿನ ಅಂಜಿಕೆಯಿಲ್ಲ, ಗಡಿಯಾರವೂ ಅವಸರ ಮಾಡುವುದಿಲ್ಲ. ಪ್ರತಿಯೊಂದು ಚೂರಿಗೂ ಸರಿಯಾದ ಜಾಗ ಒಂದೇ ಇರುವುದರಿಂದ, ಕೂಡಿತೋ ಇಲ್ಲವೋ ಎಂಬುದು ಬೆರಳಿಗೇ ತಿಳಿಯುತ್ತದೆ. ಸಂಸಾರದ ಎಷ್ಟು ಕೆಲಸಗಳಲ್ಲಿ ಇಂಥ ಖಚಿತತೆ ದೊರೆತೀತು? ಹಾಗೆಂದು ಇದು ಇಷ್ಟಲಿಂಗಪೂಜೆಗೆ, ಶಿವಯೋಗಕ್ಕೆ ಸಮಾನವೆಂದು ಯಾರೂ ಭಾವಿಸಬಾರದು. ಅಲ್ಲಿ ದೃಷ್ಟಿ ನಿಲ್ಲುವುದಕ್ಕೆ ಬೇರೆಯೇ ಗುರಿಯಿದೆ. ಇದು ಬಿಡುವಿನ ಹೊತ್ತಿನ ಮಾತು.

‘ಮೆದುಳನ್ನು ಚುರುಕುಗೊಳಿಸುತ್ತದೆ, ಮರೆವಿನ ಕಾಯಿಲೆಯನ್ನು ತಡೆಯುತ್ತದೆ’ ಎಂದು ಇಂಥ ಆಟಗಳನ್ನು ಮಾರುವವರು ಹೇಳುವುದುಂಟು. ಅದನ್ನು ಹಾಗೆಯೇ ನಂಬುವುದು ತರವಲ್ಲ. ಜರ್ಮನಿಯ ಉಲ್ಮ್ ವಿಶ್ವವಿದ್ಯಾಲಯದ ಸಂಶೋಧಕರು 2018ರಲ್ಲಿ ಒಂದು ಅಧ್ಯಯನವನ್ನು ಪ್ರಕಟಿಸಿದರು. 50 ಮತ್ತು ಅದಕ್ಕೂ ಹೆಚ್ಚು ವಯಸ್ಸಿನ 100 ಜನರನ್ನು ಎರಡು ಗುಂಪು ಮಾಡಿ, ಒಂದು ಗುಂಪಿನವರಿಗೆ ಆರೋಗ್ಯ ಸಲಹೆಯ ಜೊತೆಗೆ 30 ದಿನ, ದಿನಕ್ಕೆ ಕನಿಷ್ಠ 1 ಗಂಟೆ ಚಿತ್ರ ಜೋಡಿಸಲು ಹೇಳಿದರು. ಇನ್ನೊಂದು ಗುಂಪಿಗೆ ಸಲಹೆ ಮಾತ್ರ. ಈ ಆಟಕ್ಕೆ ನೋಟದ ಗ್ರಹಿಕೆ, ಆಕಾರವನ್ನು ಮನಸ್ಸಿನಲ್ಲೇ ತಿರುಗಿಸಿ ನೋಡುವ ಶಕ್ತಿ, ನೆನಪು, ತರ್ಕ ಮೊದಲಾದ ಅನೇಕ ಸಾಮರ್ಥ್ಯಗಳು ಬೇಕಾಗುತ್ತವೆಂಬುದು ಕಂಡುಬಂದಿತು. ಆದರೆ 30 ದಿನಗಳ ನಂತರ ಆಡಿದವರ ಬುದ್ಧಿಶಕ್ತಿಯಲ್ಲಿ, ಆಡದವರಿಗಿಂತ ಹೇಳಿಕೊಳ್ಳುವಂಥ ಹೆಚ್ಚಳವಾಗಿರಲಿಲ್ಲ. ಬಹುಕಾಲದಿಂದ ಆಡುತ್ತ ಬಂದವರಲ್ಲಿ ಈ ಸಾಮರ್ಥ್ಯಗಳು ಉತ್ತಮವಾಗಿದ್ದವು ನಿಜ. ಆದರೆ ಆಟದಿಂದ ಚುರುಕಾದರೋ, ಚುರುಕಾದವರೇ ಆಟವನ್ನು ಮೆಚ್ಚಿ ಮುಂದುವರಿಸಿದರೋ ಎಂಬುದು ಇದರಿಂದ ತೀರ್ಮಾನವಾಗುವುದಿಲ್ಲ. ಹೀಗಾಗಿ ಇದನ್ನು ನೆಮ್ಮದಿಗಾಗಿ ಆಡಬೇಕು, ಔಷಧವೆಂದಲ್ಲ. ರಕ್ತದೊತ್ತಡದ, ಸಕ್ಕರೆ ಕಾಯಿಲೆಯ ಗುಳಿಗೆಗಳನ್ನು ನಿಲ್ಲಿಸುವಂತಿಲ್ಲ. ಮುಂಜಾನೆಯ ನಡಿಗೆಯನ್ನೂ ತಪ್ಪಿಸುವಂತಿಲ್ಲ.

ಮೊಬೈಲಿನಲ್ಲಿಯೂ ಇದೇ ಆಟ ದೊರೆಯುತ್ತದೆ. ಸಂಧಿವಾತದಿಂದ ಬೆರಳು ಬಗ್ಗದವರಿಗೆ ಸಣ್ಣ ಚೂರು ಎತ್ತುವುದಕ್ಕಿಂತ ಪರದೆಯ ಮೇಲೆ ಸರಿಸುವುದು ಸುಲಭ. ದೂರದೂರಿನ ಮೊಮ್ಮಗಳೂ ಗಜೇಂದ್ರಗಡದ ಅಜ್ಜಿಯೂ ಒಂದೇ ಚಿತ್ರವನ್ನು ತಮ್ಮ ತಮ್ಮ ಮನೆಯಿಂದಲೇ ಕೂಡಿ ಜೋಡಿಸುವ ಸೌಲಭ್ಯವೂ ಇದೆ. ಏನು ಮಾತಾಡಬೇಕೆಂದು ತಿಳಿಯದ ಫೋನ್ ಕರೆಗಿಂತ ಅದು ಎಷ್ಟೋ ಲೇಸು. ಆದರೂ ಎರಡನ್ನೂ ತೂಗಿ ನೋಡಿದರೆ ಮಣೆಯ ಮೇಲಿನ ಆಟವೇ ಮೇಲು. ಮೊಬೈಲಿನಲ್ಲಿ ಒಂದು ಚಿತ್ರ ಮುಗಿಯುವ ಮುನ್ನವೇ ಜಾಹೀರಾತು ಬರುತ್ತದೆ, ಸಂದೇಶ ಬರುತ್ತದೆ, ಮುಗಿದೊಡನೆ ಮುಂದಿನ ಚಿತ್ರ ತೆರೆದುಕೊಳ್ಳುತ್ತದೆ; ಹತ್ತು ಗಂಟೆಗೆ ಹಿಡಿದದ್ದು ಹನ್ನೆರಡಕ್ಕೆ ಹೋಗುತ್ತದೆ. ನಿದ್ರೆಗೆಟ್ಟರೆ ವಿಶ್ರಾಂತಿಯ ಮಾತೆಲ್ಲಿ? ಮಲಗುವ ಒಂದು ಗಂಟೆ ಮೊದಲೇ ಪರದೆಯನ್ನು ಬದಿಗಿಡುವುದು ಒಳ್ಳೆಯದು.

ಇನ್ನೂ ಗಂಭೀರವಾದುದು ಹಣದ ಆಟಗಳ ಸೆಳೆತ. ಬೇಸರ ಕಳೆಯಲೆಂದು ಮೊಬೈಲು ಹಿಡಿದ ಯುವಕರು ರಮ್ಮಿ, ಬೆಟ್ಟಿಂಗ್‌ಗಳಿಗೆ ಜಾರಿ ಸಾಲಕ್ಕೆ ಸಿಲುಕಿದ ಸುದ್ದಿ ನಮಗೆ ಅಪರಿಚಿತವಲ್ಲ. ಹಣವಿಟ್ಟು ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯ್ದೆಯನ್ನು 2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿದೆ. ಆದರೂ ಕದ್ದುಮುಚ್ಚಿ ಬರುವ ಜಾಹೀರಾತುಗಳ ಬಗ್ಗೆ ಮನೆಯ ಹಿರಿಯರು ಎಚ್ಚರದಿಂದಿರಬೇಕು. ಹಣ ಕೇಳುವ, ‘ಗೆಲ್ಲಿರಿ’ ಎನ್ನುವ ಯಾವ ಆಟವೂ ಚಿತ್ರಜೋಡಣೆಯಲ್ಲ.

ಆರಂಭಿಸುವವರು 50ರಿಂದ 100 ಚೂರುಗಳ ಚಿತ್ರ ಆರಿಸಿಕೊಳ್ಳಲಿ. 500, 1000 ಚೂರುಗಳದ್ದನ್ನು ಹುರುಪಿನಿಂದ ತಂದು, ಎರಡೇ ದಿನಕ್ಕೆ ಅಟ್ಟಕ್ಕೆ ಹಾಕುವುದೇ ಹೆಚ್ಚು. ಮರೆವು ಆರಂಭವಾದ ಹಿರಿಯರಿಗೆ 12ರಿಂದ 24 ದೊಡ್ಡ ಚೂರುಗಳು ಸಾಕು. ಅವರಿಗೆ ಪರಿಚಿತವಾದ ದೃಶ್ಯವಿರಲಿ, ತಪ್ಪಿದಾಗ ನಗುವುದು ಬೇಡ. ಮೊದಲು ನೇರ ಅಂಚಿನ ಚೂರುಗಳನ್ನು ಆಯ್ದು ಚೌಕಟ್ಟು ಕಟ್ಟಬೇಕು. ಉಳಿದವನ್ನು ಬಣ್ಣಕ್ಕನುಗುಣವಾಗಿ ಬೇರೆ ಬೇರೆ ತಟ್ಟೆಗಳಲ್ಲಿ ಇಡಬೇಕು. ಒಂದೇ ಬಣ್ಣದ ಆಕಾಶವನ್ನು ಕಡೆಗೆ ಬಿಡುವುದು ಜಾಣತನ.

ಕೊಳ್ಳಲೇಬೇಕೆಂದೇನೂ ಇಲ್ಲ. ಹಳೆಯ ಕ್ಯಾಲೆಂಡರಿನ ಚಿತ್ರವನ್ನು ದಪ್ಪ ರಟ್ಟಿಗೆ ಅಂಟಿಸಿ, ಒಂದು ರಾತ್ರಿ ಭಾರ ಹೇರಿಟ್ಟು, ಒಣಗಿದ ಮೇಲೆ ಹಿಂಬದಿಯಲ್ಲಿ ಗೆರೆ ಹಾಕಿ ಕತ್ತರಿಸಿದರೆ ಆಯಿತು. ಶರಣರ, ಗುರುಗಳ ಚಿತ್ರವನ್ನು ಕತ್ತರಿಸುವುದು ಭಕ್ತರಿಗೆ ಸರಿಬರಲಾರದು. ಹೊಲ, ಹಕ್ಕಿ, ಸೂಡಿಯ ಜೋಡು ಶಿಖರದ ಗುಡಿ, ಗಜೇಂದ್ರಗಡದ ಗುಡ್ಡದ ಮೇಲಿನ ಗಾಳಿಯಂತ್ರಗಳು, ಇಂಥ ನೋಟಗಳನ್ನು ಆಯ್ದುಕೊಳ್ಳಬಹುದು. ಬೆಳಕು ಎಡ ಅಥವಾ ಬಲ ಬದಿಯಿಂದ ಬೀಳಲಿ. ಕತ್ತು ಬಗ್ಗಿಸಿ ಬಹಳ ಹೊತ್ತು ಕೂಡದೆ ಅರ್ಧ ಗಂಟೆಗೊಮ್ಮೆ ಎದ್ದು ನಾಲ್ಕು ಹೆಜ್ಜೆ ನಡೆಯಬೇಕು. ಸಕ್ಕರೆ ಕಾಯಿಲೆಯವರು ಆಟದ ಗುಂಗಿನಲ್ಲಿ ಊಟದ ವೇಳೆ ಮೀರಬಾರದು. ಮೂರು ವರ್ಷದೊಳಗಿನ ಕೂಸುಗಳಿರುವ ಮನೆಯಲ್ಲಿ ಸಣ್ಣ ಚೂರುಗಳನ್ನು ಎತ್ತರದಲ್ಲಿಡಬೇಕು. ಬಾಯಿಗೆ ಹಾಕಿಕೊಂಡರೆ ಗಂಟಲಿಗೆ ಸಿಲುಕೀತು.

ಸಾಲದ ಚಿಂತೆಯಾಗಲಿ, ಅಗಲಿದವರ ದುಃಖವಾಗಲಿ ಚಿತ್ರ ಜೋಡಿಸುವುದರಿಂದ ತೀರುವುದಿಲ್ಲ. ಒಂದು ಗಂಟೆಯ ಮಟ್ಟಿಗೆ ಬದಿಗೆ ಸರಿಯುತ್ತದೆ, ಅಷ್ಟೇ. ಎರಡು ವಾರ ಕಳೆದರೂ ನಿದ್ರೆ, ಹಸಿವು ಇಲ್ಲದೆ ಯಾವುದರಲ್ಲಿಯೂ ಆಸಕ್ತಿ ಮೂಡದಿದ್ದರೆ, ಬದುಕು ಬೇಡವೆಂಬ ಮಾತು ಬಾಯಲ್ಲಿ ಬಂದರೆ, ಆಟದಲ್ಲಿ ಹೊತ್ತು ಕಳೆಯದೆ ವೈದ್ಯರನ್ನು ಕಾಣಬೇಕು. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ದಿನದ 24 ಗಂಟೆಯೂ ಉಚಿತವಾಗಿದೆ, ಕನ್ನಡದಲ್ಲಿಯೇ ಮಾತನಾಡಬಹುದು.

ಮುಗಿಸಿದ ಚಿತ್ರವನ್ನು ಮನೆಯಲ್ಲೇ ಇಟ್ಟುಕೊಳ್ಳುವುದಕ್ಕಿಂತ ಓಣಿಯ ಇನ್ನೊಂದು ಮನೆಗೆ ಕೊಟ್ಟು ಅವರದನ್ನು ತಂದುಕೊಂಡರೆ ಖರ್ಚಿಲ್ಲದೆ ಹೊಸದೊಂದು ದೊರೆತಂತಾಗುತ್ತದೆ. ಕೊಡುವ ಮುನ್ನ ಚೂರುಗಳನ್ನು ಎಣಿಸಿ ಸಂಖ್ಯೆಯನ್ನು ಡಬ್ಬಿಯ ಮೇಲೆ ಬರೆಯಿರಿ. ಒಂದು ಕಳೆದಿದ್ದರೆ ಅದನ್ನೂ ಬರೆಯಿರಿ; ಇಲ್ಲವಾದರೆ ಪಡೆದವರು ಇಲ್ಲದ ಚೂರಿಗಾಗಿ ಚಾಪೆ, ಗಾದಿಗಳನ್ನೆಲ್ಲ ಜಾಡಿಸುತ್ತ ಕೂಡುತ್ತಾರೆ.