ಓದಿನ ಪಾಠದಲ್ಲಿ ಕಣ್ಣು, ಅವಧಾನ ಮತ್ತು ಅರ್ಥಗ್ರಹಣ

ಪೀಠಿಕೆ

ಬೋಧನಾಭ್ಯಾಸದ ಕನ್ನಡ ಪಾಠಗಳಲ್ಲಿ ಗಟ್ಟಿ ಓದಿನ ಹಂತ ಸಾಮಾನ್ಯವಾಗಿ ಒಂದೇ ರೀತಿ ನಡೆಯುತ್ತದೆ. ಪ್ರಶಿಕ್ಷಣಾರ್ಥಿ ಆದರ್ಶ ವಾಚನ ಮಾಡುತ್ತಾರೆ. ಬಳಿಕ ಮಕ್ಕಳು ಒಬ್ಬೊಬ್ಬರಾಗಿ ಎದ್ದು ಒಂದೊಂದು ಭಾಗ ಓದುತ್ತಾರೆ. ತಪ್ಪಿದ ಉಚ್ಚಾರಣೆಯನ್ನು ತಿದ್ದಲಾಗುತ್ತದೆ. ತಡವರಿಸದೆ ಓದಿದ ಮಗು 'ಚೆನ್ನಾಗಿ ಓದುತ್ತದೆ' ಎಂಬ ಪಟ್ಟಿಗೂ ತಡವರಿಸಿದ ಮಗು 'ನಿಧಾನ ಕಲಿಕೆ'ಯ ಪಟ್ಟಿಗೂ ಸೇರುತ್ತದೆ. ಆದರೆ ಸರಾಗವಾಗಿ ಓದಿದ ಮಗುವನ್ನು "ಈಗ ಓದಿದ್ದು ಯಾವ ವಿಷಯ?" ಎಂದು ಕೇಳಿದರೆ ಅದು ಮತ್ತೆ ಪುಸ್ತಕವನ್ನೇ ನೋಡುವುದುಂಟು. ತಡವರಿಸಿದ ಮಗು ಕೆಲವೊಮ್ಮೆ ಕಥೆಯನ್ನು ತನ್ನ ಮಾತಿನಲ್ಲಿ ಹೇಳಿಬಿಡುವುದೂ ಉಂಟು.

ಈ ಎರಡು ಪಟ್ಟಿಗಳಲ್ಲಿ ಯಾವುದಕ್ಕೆ ಸೇರಿಸುತ್ತೇವೆ ಎಂಬುದರ ಮೇಲೆ ಮಗುವಿಗೆ ಮುಂದೆ ಸಿಗುವ ಪಾಠ ನಿರ್ಧಾರವಾಗುತ್ತದೆ. ಆದುದರಿಂದ 'ಓದಿದರೂ ಅರ್ಥವಾಗಲಿಲ್ಲ' ಎಂಬ ಒಂದೇ ಫಲದ ಹಿಂದೆ ಇರಬಹುದಾದ ಬೇರೆ ಬೇರೆ ಕಾರಣಗಳನ್ನು ತಿಳಿಯುವುದು ಅಗತ್ಯ. ಸಂಜ್ಞಾನಾತ್ಮಕ ಮನೋವಿಜ್ಞಾನದ ಸಂಶೋಧನೆಗಳ ನೆರವಿನಿಂದ ಅವುಗಳನ್ನು ಕಣ್ಣು, ಅವಧಾನ, ಅರ್ಥ ಎಂಬ ಮೂರು ತಲೆಬರಹಗಳಲ್ಲಿ ಇಲ್ಲಿ ಪರಿಶೀಲಿಸಲಾಗಿದೆ.

1. ಕಣ್ಣು ಮಾಡುವ ಕೆಲಸ

ಓದುವಾಗ ಕಣ್ಣು ಸಾಲಿನ ಮೇಲೆ ನೀರಿನಂತೆ ಹರಿಯುತ್ತದೆ ಎಂದು ನಮಗೆ ಅನಿಸುತ್ತದೆ. ವಾಸ್ತವದಲ್ಲಿ ಅದು ಜಿಗಿದು ನಿಲ್ಲುತ್ತದೆ, ಮತ್ತೆ ಜಿಗಿಯುತ್ತದೆ. 19ನೆಯ ಶತಮಾನದ ಕೊನೆಯ ಭಾಗದಲ್ಲಿ ಪ್ಯಾರಿಸ್ಸಿನ ನೇತ್ರತಜ್ಞ ಎಮಿಲ್ ಜವಾಲ್ ಅವರ ಪ್ರಯೋಗಾಲಯದಲ್ಲಿ ಇದನ್ನು ಗುರುತಿಸಲಾಯಿತು. ಇಂಗ್ಲಿಷ್ ಓದುವ ಪ್ರೌಢರಲ್ಲಿ ಒಂದು ನಿಲುಗಡೆ ಸುಮಾರು 200ರಿಂದ 250 ಮಿಲಿಸೆಕೆಂಡ್ ಇರುತ್ತದೆ. ಒಂದು ಜಿಗಿತ ಸರಾಸರಿ ಏಳೆಂಟು ಅಕ್ಷರಗಳಷ್ಟು ಮುಂದಕ್ಕೆ ಹೋಗುತ್ತದೆ. ಜಿಗಿಯುವಾಗ ಹೊಸ ಮಾಹಿತಿ ದೊರೆಯುವುದಿಲ್ಲ. ನಿಂತಾಗ ಮಾತ್ರ ದೊರೆಯುತ್ತದೆ. ಕೈ ಚಾಚಿ ಹಿಡಿದ ಹೆಬ್ಬೆರಳಿನ ಅಗಲದಷ್ಟು, ಅಂದರೆ ಸುಮಾರು 2 ಡಿಗ್ರಿಯಷ್ಟು ಜಾಗ ಮಾತ್ರ ಅತ್ಯಂತ ಸ್ಪಷ್ಟವಾಗಿ ಕಾಣುತ್ತದೆ.

ಇಲ್ಲಿ ಶಿಕ್ಷಕರು ಗಮನಿಸಬೇಕಾದ ಅಂಶವೊಂದಿದೆ. ಪರಿಣತ ಓದುಗರ ಜಿಗಿತಗಳಲ್ಲಿಯೂ ಶೇಕಡಾ 10ರಿಂದ 15ರಷ್ಟು ಹಿಮ್ಮುಖವಾಗಿರುತ್ತವೆ. ಹಿಂದಿನ ಪದಕ್ಕೆ ಮರಳುವುದು ಓದಿನ ಸಹಜ ಭಾಗ. "ಹಿಂದೆ ಹೋಗಬೇಡ, ಮುಂದೆ ಓದು" ಎಂದು ಮಗುವನ್ನು ಅವಸರಿಸಿದರೆ, ಅದು ಅರ್ಥವನ್ನು ಸರಿಪಡಿಸಿಕೊಳ್ಳುವ ದಾರಿಯನ್ನೇ ಮುಚ್ಚಿದಂತಾಗುತ್ತದೆ.

ಕಣ್ಣು ಎಷ್ಟು ದೂರದವರೆಗೆ ಅಕ್ಷರಗಳನ್ನು ಗ್ರಹಿಸುತ್ತದೆ ಎಂಬುದನ್ನು ಮೆಕಾಂಕಿ ಮತ್ತು ರೇನರ್ 1975ರಲ್ಲಿ ಪರೀಕ್ಷಿಸಿದರು. ಇಂಗ್ಲಿಷಿನಲ್ಲಿ ನಿಲುಗಡೆಯ ಎಡಕ್ಕೆ ಮೂರು ನಾಲ್ಕು ಅಕ್ಷರ, ಬಲಕ್ಕೆ ಹದಿನಾಲ್ಕು ಹದಿನೈದು ಅಕ್ಷರಗಳವರೆಗೆ ಮಾಹಿತಿ ದೊರೆಯುತ್ತದೆ ಎಂದು ಈ ಬಗೆಯ ಅಧ್ಯಯನಗಳು ತೋರಿಸಿವೆ. ಬಲದಿಂದ ಎಡಕ್ಕೆ ಬರೆಯುವ ಹೀಬ್ರೂ ಭಾಷೆಯನ್ನು ಓದುವಾಗ ಈ ವ್ಯಾಪ್ತಿ ಎಡಕ್ಕೆ ಹೆಚ್ಚಾಗುತ್ತದೆ. ಎರಡೂ ಭಾಷೆ ಬಲ್ಲ ಒಬ್ಬನೇ ಓದುಗನಲ್ಲಿಯೂ ಭಾಷೆಗೆ ತಕ್ಕಂತೆ ವ್ಯಾಪ್ತಿ ದಿಕ್ಕು ಬದಲಿಸುತ್ತದೆ. ಕಣ್ಣು ಒಂದೇ ಆಗಿರುವಾಗ ವ್ಯಾಪ್ತಿ ಬದಲಾಗಬೇಕಾದರೆ, ಅದನ್ನು ನಡೆಸುವುದು ಅವಧಾನ ಎಂದಾಯಿತು.

ಕನ್ನಡ ಲಿಪಿಯು ಕಣ್ಣಿಗೆ ತನ್ನದೇ ಆದ ಕೆಲಸ ಕೊಡುತ್ತದೆ. ವರ್ಣಮಾಲೆಯ 49 ಅಕ್ಷರ ಕಲಿತರೆ ಸಾಲದು. 34 ವ್ಯಂಜನಗಳಿಗೆ 13 ಸ್ವರಗಳು ಸೇರಿದರೆ 442 ಗುಣಿತಾಕ್ಷರಗಳಾಗುತ್ತವೆ, ಒತ್ತಕ್ಷರಗಳು ಬೇರೆ. ಇವನ್ನು ಓದುವಾಗ ಕಣ್ಣು ಎಡದಿಂದ ಬಲಕ್ಕೆ ಮಾತ್ರವಲ್ಲ, ಮೇಲೆ ಕೆಳಗೆಯೂ ನೋಡಬೇಕು. ಹಳಿ–ಹಳ್ಳಿ, ಎಲೆ–ಎಲ್ಲೆ ಎಂಬಲ್ಲಿ ವ್ಯತ್ಯಾಸವಿರುವುದು ಸಾಲಿನ ಕೆಳಗೆ. 'ಸೂರ್ಯ' ಎಂಬಲ್ಲಿ ಕಿವಿಗೆ ರಕಾರ ಮೊದಲು ಕೇಳಿದರೂ ಕಣ್ಣಿಗೆ ಯಕಾರ ಮೊದಲು ಕಂಡು ಅರ್ಕಾವೊತ್ತು ನಂತರ ಕಾಣುತ್ತದೆ. ಕನ್ನಡ ಕಲಿಯುವ ಮಕ್ಕಳನ್ನು ಕುರಿತು ಸೋನಾಲಿ ನಾಗ್ ಅವರು 2007ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಅಕ್ಷರ ಕಲಿಕೆ ಇಂಗ್ಲಿಷಿಗಿಂತ ಹೆಚ್ಚು ಕಾಲ ಬೇಡುತ್ತದೆ. ಅದು ಮೂರು ನಾಲ್ಕನೆಯ ತರಗತಿಯವರೆಗೂ ಮುಂದುವರಿಯುತ್ತದೆ. ಮೂರನೆಯ ತರಗತಿಯ ಮಗು ಒತ್ತಕ್ಷರದಲ್ಲಿ ಎಡವಿದರೆ ಅದನ್ನು ದಡ್ಡತನವೆಂದು ಎಣಿಸುವುದು ಸರಿಯಲ್ಲ. ಅದು ಇನ್ನೂ ಕಲಿಕೆಯ ಹಾದಿಯಲ್ಲಿದೆ.

2. ಅವಧಾನದ ಮಿತಿ

1935ರಲ್ಲಿ ಸ್ಟ್ರೂಪ್ ನಡೆಸಿದ ಪ್ರಯೋಗ ಪ್ರಶಿಕ್ಷಣಾರ್ಥಿಗಳಿಗೆ ಪರಿಚಿತ. 'ಕೆಂಪು' ಎಂಬ ಪದವನ್ನು ನೀಲಿ ಶಾಯಿಯಲ್ಲಿ ಬರೆದು ಶಾಯಿಯ ಬಣ್ಣ ಹೇಳಲು ಕೇಳಿದರೆ, ಓದು ಬಲ್ಲವರು ತಡವರಿಸುತ್ತಾರೆ. ಪದವನ್ನು ಓದದೆ ಬಿಡಲು ಅವರಿಗೆ ಆಗುವುದಿಲ್ಲ. ಅಭ್ಯಾಸದಿಂದ ಪದಗುರುತಿಸುವಿಕೆ ತಾನಾಗಿಯೇ ನಡೆಯುವ ಹಂತಕ್ಕೆ ಬರುತ್ತದೆ ಎಂಬುದಕ್ಕೆ ಇದು ಸಾಕ್ಷಿ.

ಲಬರ್ಜ್ ಮತ್ತು ಸ್ಯಾಮ್ಯುಯೆಲ್ಸ್ 1974ರಲ್ಲಿ ಈ ವಿಚಾರವನ್ನು ಓದಿನ ಬೋಧನೆಗೆ ಅನ್ವಯಿಸಿದರು. ಅವಧಾನಕ್ಕೆ ಮಿತಿಯಿದೆ. ಅಕ್ಷರ ಕೂಡಿಸುವುದಕ್ಕೇ ಅದೆಲ್ಲ ಖರ್ಚಾದರೆ ಅರ್ಥಕ್ಕೆ ಏನೂ ಉಳಿಯುವುದಿಲ್ಲ. ಡೇನ್ಮನ್ ಮತ್ತು ಕಾರ್ಪೆಂಟರ್ 1980ರಲ್ಲಿ, ವಾಕ್ಯಗಳನ್ನು ಓದುತ್ತಲೇ ಅವುಗಳ ಕೊನೆಯ ಪದಗಳನ್ನು ನೆನಪಿಡುವ ಪರೀಕ್ಷೆ ರೂಪಿಸಿದರು. ಹೆಚ್ಚು ಪದಗಳನ್ನು ಹಿಡಿದಿಟ್ಟುಕೊಂಡವರ ಅರ್ಥಗ್ರಹಣವೂ ಉತ್ತಮವಾಗಿತ್ತು.

ಕನ್ನಡ ವಾಕ್ಯದಲ್ಲಿ ಕ್ರಿಯಾಪದ ಸಾಮಾನ್ಯವಾಗಿ ಕೊನೆಗೆ ಬರುವುದರಿಂದ ಈ ಮಾತಿಗೆ ವಿಶೇಷ ಮಹತ್ವವಿದೆ. "ನಿನ್ನೆ ಸಂತೆಯಿಂದ ತಂದ ಎತ್ತಿನ ಕೊರಳಿಗೆ ಅಜ್ಜ ಕಟ್ಟಿದ ಗಂಟೆಯನ್ನು ತಮ್ಮ ಬಿಚ್ಚಿದ" ಎಂಬ ವಾಕ್ಯದಲ್ಲಿ ಹತ್ತನೆಯ ಪದ ಬರುವವರೆಗೆ ಉಳಿದ ಒಂಬತ್ತನ್ನೂ ಮನಸ್ಸಿನಲ್ಲಿ ಹಿಡಿದಿರಬೇಕು. 'ಎತ್ತಿನ', 'ಬಿಚ್ಚಿದ' ಎಂಬ ಒತ್ತಕ್ಷರಗಳ ಬಳಿ ಒಂದೊಂದು ಸಲ ನಿಂತ ಮಗು ಕೊನೆಗೆ "ಅಜ್ಜ ಗಂಟೆ ಕಟ್ಟಿದ" ಎಂದಷ್ಟೇ ಹೇಳಬಹುದು. ಎಲ್ಲ ಅಕ್ಷರಗಳನ್ನೂ ಸರಿಯಾಗಿ ಓದಿಯೂ ವಾಕ್ಯವನ್ನು ಅದು ಕಳೆದುಕೊಂಡಿರುತ್ತದೆ.

ಅವಧಾನದ ಮಿತಿ ನಮಗೂ ಅನ್ವಯಿಸುತ್ತದೆ. ಸೈಮನ್ಸ್ ಮತ್ತು ಶಾಬ್ರಿ 1999ರಲ್ಲಿ ವರದಿ ಮಾಡಿದ ಪ್ರಯೋಗದಲ್ಲಿ, ಚೆಂಡಿನ ಎಸೆತಗಳನ್ನು ಎಣಿಸುತ್ತಿದ್ದ ವೀಕ್ಷಕರಲ್ಲಿ ಸುಮಾರು ಅರ್ಧದಷ್ಟು ಮಂದಿ ನಡುವೆ ಹಾದುಹೋದ ಗೊರಿಲ್ಲಾ ವೇಷಧಾರಿಯನ್ನು ಕಾಣಲೇ ಇಲ್ಲ. ಉಚ್ಚಾರಣೆಯ ತಪ್ಪುಗಳನ್ನು ಎಣಿಸುತ್ತ ಕುಳಿತ ಶಿಕ್ಷಕರಿಗೆ ಮಗು ಅರ್ಥ ಮಾಡಿಕೊಳ್ಳದಿರುವುದು ಕಣ್ತಪ್ಪುವುದರಲ್ಲಿ ಆಶ್ಚರ್ಯವಿಲ್ಲ.

3. ಅರ್ಥ ಎಲ್ಲಿಂದ ಬರುತ್ತದೆ?

ಕೆಳಗಿನ ಭಾಗವನ್ನು ಒಮ್ಮೆ ಓದಿ.

"ಹಿಂದಿನದರಲ್ಲಿ ಸ್ವಲ್ಪ ಉಳಿಸಿಕೊಂಡಿರಬೇಕು. ಇಲ್ಲದಿದ್ದರೆ ನೆರೆಮನೆಯವರನ್ನು ಕೇಳಬೇಕಾಗುತ್ತದೆ. ಬಿಸಿ ಹೆಚ್ಚಾದರೆ ಕೆಲಸ ಕೆಡುತ್ತದೆ. ತೀರಾ ಕಡಿಮೆಯಾದರೆ ಆಗುವುದೇ ಇಲ್ಲ. ಸೇರಿಸಿದ ಮೇಲೆ ಅಲುಗಾಡಿಸಬಾರದು. ಚಳಿಗಾಲದಲ್ಲಿ ಹೆಚ್ಚು ಹೊತ್ತು ಬೇಕು. ಬೆಳಗಾದ ಮೇಲೆ ಅದರಲ್ಲೇ ಸ್ವಲ್ಪ ಮರುದಿನಕ್ಕೆ ತೆಗೆದಿಡಬೇಕು."

ಇಲ್ಲಿ ತಿಳಿಯದ ಪದ ಒಂದೂ ಇಲ್ಲ. ಆದರೂ ಚಿತ್ರ ಕೂಡುವುದು ಕಷ್ಟ. ಇದರ ಶೀರ್ಷಿಕೆ 'ಹಾಲಿಗೆ ಹೆಪ್ಪು ಹಾಕುವುದು' ಎಂದು ತಿಳಿದು ಮತ್ತೆ ಓದಿದರೆ ಪ್ರತಿ ವಾಕ್ಯವೂ ತನ್ನ ಜಾಗಕ್ಕೆ ಹೋಗಿ ಕೂರುತ್ತದೆ. ಬ್ರಾನ್ಸ್‌ಫರ್ಡ್ ಮತ್ತು ಜಾನ್ಸನ್ 1972ರಲ್ಲಿ ಬಟ್ಟೆ ಒಗೆಯುವುದನ್ನು ಕುರಿತ ಇಂತಹದೇ ಭಾಗವನ್ನು ಬಳಸಿದ್ದರು. ವಿಷಯವನ್ನು ಮೊದಲೇ ತಿಳಿಸಿದ್ದವರು ಹೆಚ್ಚು ಅರ್ಥಮಾಡಿಕೊಂಡರು, ಹೆಚ್ಚು ನೆನಪಿಟ್ಟುಕೊಂಡರು. ಮುಗಿದ ಮೇಲೆ ತಿಳಿಸಿದ್ದರಿಂದ ಅಂತಹ ಪ್ರಯೋಜನವಾಗಲಿಲ್ಲ.

ರೆಕ್ಟ್ ಮತ್ತು ಲೆಸ್ಲಿ 1988ರಲ್ಲಿ ಅಮೆರಿಕದ 64 ವಿದ್ಯಾರ್ಥಿಗಳಿಗೆ ಬೇಸ್‌ಬಾಲ್ ಆಟದ ವಿವರಣೆ ಓದಲು ಕೊಟ್ಟರು. ಆಟವನ್ನು ಚೆನ್ನಾಗಿ ಬಲ್ಲ 'ದುರ್ಬಲ' ಓದುಗರು, ಆಟ ಗೊತ್ತಿಲ್ಲದ 'ಉತ್ತಮ' ಓದುಗರಿಗಿಂತ ಹೆಚ್ಚು ಗ್ರಹಿಸಿದ್ದರು. ಪೂರ್ವಜ್ಞಾನವನ್ನು ಗಣನೆಗೆ ತೆಗೆದುಕೊಳ್ಳದೆ 'ದುರ್ಬಲ ಓದುಗ' ಎಂಬ ಹಣೆಪಟ್ಟಿ ಹಚ್ಚುವುದು ಎಷ್ಟು ಅಪಾಯಕರ ಎಂಬುದು ಇದರಿಂದ ತಿಳಿಯುತ್ತದೆ.

ಗಫ್ ಮತ್ತು ಟನ್ಮರ್ 1986ರಲ್ಲಿ ಇದನ್ನೆಲ್ಲ ಒಂದು ಸರಳ ಸೂತ್ರಕ್ಕೆ ತಂದರು: ಅರ್ಥಗ್ರಹಣವೆಂದರೆ ಪದಗುರುತಿಸುವಿಕೆ ಮತ್ತು ಭಾಷಾಗ್ರಹಿಕೆಗಳ ಗುಣಲಬ್ಧ. ಇಲ್ಲಿ ಕೂಡುವುದಲ್ಲ, ಗುಣಿಸುವುದು. ಎರಡರಲ್ಲಿ ಒಂದು ಸೊನ್ನೆಯಾದರೆ ಫಲವೂ ಸೊನ್ನೆ.

4. ಕಾರಣವನ್ನು ಬೇರ್ಪಡಿಸುವ ವಿಧಾನ

ಈ ಸೂತ್ರದಿಂದ ತರಗತಿಗೆ ಒಗ್ಗುವ ಒಂದು ಪರೀಕ್ಷೆಯನ್ನು ರೂಪಿಸಿಕೊಳ್ಳಬಹುದು. ಪಠ್ಯಪುಸ್ತಕದ ಮಟ್ಟದ, ಸಮಾನ ಕಠಿಣತೆಯ, 80ರಿಂದ 100 ಪದಗಳ ಮೂರು ಅಪರಿಚಿತ ಭಾಗಗಳನ್ನು ಆರಿಸಿಕೊಳ್ಳಿ. ಮೊದಲನೆಯದನ್ನು ನೀವೇ ಓದಿ ಹೇಳಿ, ಮೂರು ಪ್ರಶ್ನೆ ಕೇಳಿ. ಎರಡನೆಯದನ್ನು ಮಗು ಮೌನವಾಗಿ ಓದಲಿ. ಮತ್ತೆ ಮೂರು ಪ್ರಶ್ನೆ. ಮೂರನೆಯದನ್ನು ಗಟ್ಟಿಯಾಗಿ ಓದಲಿ; ತಪ್ಪುಗಳನ್ನು ನಡುವೆ ತಿದ್ದದೆ ಬರೆದುಕೊಳ್ಳಿ, ಕೊನೆಯಲ್ಲಿ ಪ್ರಶ್ನೆ ಕೇಳಿ.

ಅ) ಕೇಳಿ ಅರ್ಥವಾಗಿ, ಓದಿ ಅರ್ಥವಾಗದಿದ್ದರೆ ತೊಡಕು ಪದಗುರುತಿಸುವಿಕೆಯಲ್ಲಿದೆ. ತಪ್ಪುಗಳ ಪಟ್ಟಿ ನೋಡಿ: ಒತ್ತಕ್ಷರವೇ, ಬಳೆ–ಬಾಳೆಯಂತಹ ದೀರ್ಘವೇ, ಮ–ವ, ಪ–ಷದಂತಹ ಆಕಾರ ಸಾಮ್ಯವೇ? ಅಭ್ಯಾಸ ಅಷ್ಟಕ್ಕೇ ಇರಲಿ.

ಆ) ಕೇಳಿಯೂ ಓದಿಯೂ ಅರ್ಥವಾಗದಿದ್ದರೆ ತೊಡಕು ಭಾಷೆಯಲ್ಲಿ ಅಥವಾ ಪೂರ್ವಜ್ಞಾನದಲ್ಲಿದೆ. ಮನೆಯಲ್ಲಿ ತುಳು, ಉರ್ದು, ಕೊಂಕಣಿ, ಲಂಬಾಣಿ ಮಾತನಾಡುವ ಮಗುವಿಗೆ ಪಠ್ಯದ ಕನ್ನಡ ಹೊಸದಾಗಿರಬಹುದು. ಇಂತಹ ಮಗುವಿಗೆ ಕಾಗುಣಿತ ಬರೆಸುವುದರಿಂದ ಪ್ರಯೋಜನವಿಲ್ಲ. ಮಾತುಕತೆ, ಕಥೆ, ಚಿತ್ರ ಬೇಕು.

ಇ) ಮೌನ ಓದಿನಲ್ಲಿ ಅರ್ಥವಾಗಿ, ಗಟ್ಟಿ ಓದಿನಲ್ಲಿ ತಪ್ಪಿದರೆ, ಮಗುವಿನ ಅವಧಾನ ಉಚ್ಚಾರಣೆಯ ಕಡೆಗೂ ಕೇಳುವವರ ಕಡೆಗೂ ಹರಿದುಹೋಗಿದೆ. ಅದನ್ನು ನಿಧಾನ ಕಲಿಕೆಯೆಂದು ದಾಖಲಿಸಬಾರದು.

ಈ) ಪುಸ್ತಕವನ್ನು ಕಣ್ಣಿಗೆ ಹತ್ತಿರ ಹಿಡಿಯುವ, ಕಪ್ಪುಹಲಗೆಯಿಂದ ತಪ್ಪಾಗಿ ನಕಲು ಮಾಡುವ ಮಗುವಿಗೆ ಮೊದಲು ಕಣ್ಣಿನ ತಪಾಸಣೆ ಆಗಲಿ. ಉಳಿದುದೆಲ್ಲ ಆಮೇಲೆ.

5. ಪಾಠ ಯೋಜನೆಗೆ ಸೂಚನೆಗಳು

ಮೂವತ್ತು ಮಕ್ಕಳ ತರಗತಿಯಲ್ಲಿ ಹತ್ತು ನಿಮಿಷದ ಸರದಿ ಓದು ನಡೆದರೆ ಒಬ್ಬರಿಗೆ ಸಿಗುವುದು 20 ಸೆಕೆಂಡ್. ಅದೇ ಹತ್ತು ನಿಮಿಷ ಮೌನ ಓದಾದರೆ ಮೂವತ್ತು ಮಕ್ಕಳೂ ಓದುತ್ತಾರೆ. 40 ನಿಮಿಷದ ಅವಧಿಯನ್ನು ಹೀಗೆ ಹಂಚಬಹುದು: ವಿಷಯ ಪರಿಚಯ ಮತ್ತು ಪೂರ್ವಜ್ಞಾನದ ಮಾತುಕತೆ 7 ನಿಮಿಷ, ಕಠಿಣ ಪದ ಮತ್ತು ಒತ್ತಕ್ಷರಗಳನ್ನು ವಾಕ್ಯದಲ್ಲಿಟ್ಟು ತೋರಿಸುವುದು 5, ಒಂದು ಪ್ರಶ್ನೆಯನ್ನು ಮುಂದಿಟ್ಟು ಮೌನ ಓದು 10, ಉತ್ತರ, ಚರ್ಚೆ 10, ಅರ್ಥವಾದ ಭಾಗವನ್ನು ಜೋಡಿಯಲ್ಲಿ ಗಟ್ಟಿಯಾಗಿ ಮರು ಓದುವುದು 8. ಒಂದೇ ಭಾಗವನ್ನು ಸರಾಗವಾಗುವವರೆಗೆ ಮರಳಿ ಓದಿಸುವ ಕ್ರಮವನ್ನು ಸ್ಯಾಮ್ಯುಯೆಲ್ಸ್ 1979ರಲ್ಲಿ ಪ್ರತಿಪಾದಿಸಿದ್ದರು. ಗಟ್ಟಿ ಓದನ್ನು ಬಿಡಬೇಕಾಗಿಲ್ಲ. ಅದರ ಸ್ಥಾನ ಬದಲಾಗಬೇಕು ಅಷ್ಟೆ.

ಪಾಠ ವೀಕ್ಷಿಸುವ ಮಾರ್ಗದರ್ಶಕರು ತಮ್ಮ ವೀಕ್ಷಣಾ ಪಟ್ಟಿಗೆ ಒಂದು ಸಾಲು ಸೇರಿಸಿಕೊಳ್ಳುವುದು ಒಳಿತು: 'ಓದಿದ ಮಗು ಓದಿದ್ದನ್ನು ತನ್ನ ಮಾತಿನಲ್ಲಿ ಹೇಳಿತೇ?'

ಚರ್ಚೆಗೆ ಮತ್ತು ಅಭ್ಯಾಸಕ್ಕೆ

1. ನಿಮ್ಮ ಬೋಧನಾಭ್ಯಾಸದ ತರಗತಿಯ ಇಬ್ಬರು ಮಕ್ಕಳಿಗೆ ಮೇಲಿನ ಮೂರು ಭಾಗಗಳ ಪರೀಕ್ಷೆ ನಡೆಸಿ. ತರಗತಿಯಲ್ಲಿ ಅವರಿಗೆ ಈಗಾಗಲೇ ಇರುವ ಹೆಸರಿಗೂ ನಿಮಗೆ ದೊರೆತ ಫಲಕ್ಕೂ ಹೊಂದಿಕೆಯಿದೆಯೇ?

2. ಮುಂದಿನ ಪಾಠದಿಂದ ಹತ್ತು ಪದಗಳಿಗಿಂತ ಉದ್ದವಾದ ಮೂರು ವಾಕ್ಯಗಳನ್ನು ಆರಿಸಿ. ಪ್ರತಿ ವಾಕ್ಯದಲ್ಲಿ ಕ್ರಿಯಾಪದ ಬರುವವರೆಗೆ ಮಗು ಏನೇನನ್ನು ನೆನಪಿನಲ್ಲಿಟ್ಟುಕೊಳ್ಳಬೇಕು ಎಂದು ಗುರುತಿಸಿ.

3. ಆ ಪಾಠ ಅರ್ಥವಾಗಲು ಯಾವ ಪೂರ್ವಜ್ಞಾನ ಬೇಕು? ನಿಮ್ಮ ಶಾಲೆಯ ಊರಿನ ಮಕ್ಕಳಿಗೆ ಅದರಲ್ಲಿ ಎಷ್ಟು ಪರಿಚಿತ? ಪಟ್ಟಿ ಮಾಡಿ, ಸಹಪಾಠಿಗಳೊಂದಿಗೆ ಹೋಲಿಸಿ ನೋಡಿ.