ವಾಹನದ ಇಂಧನ: ಬಂಕಿನಲ್ಲಿ ಅಳತೆ, ಅಂಗಡಿಯಲ್ಲಿ ಲೆಕ್ಕ

ಕೊಪ್ಪ, ಶೃಂಗೇರಿ ಮತ್ತು ನರಸಿಂಹರಾಜಪುರ ತಾಲ್ಲೂಕುಗಳ ವ್ಯಾಪಾರವೆಲ್ಲವೂ ರಸ್ತೆಯನ್ನೇ ನಂಬಿದೆ. ತರೀಕೆರೆಯಿಂದ ನರಸಿಂಹರಾಜಪುರಕ್ಕೆ ಹಿಂದೆ ಇದ್ದ ಪುಟ್ಟ ರೈಲು ಮಾರ್ಗ ಎಂದೋ ನಿಂತುಹೋಗಿದೆ. ಅಡಿಕೆಯು ಶಿವಮೊಗ್ಗ ಮಾರುಕಟ್ಟೆಗೆ ಹೋಗುವುದೂ, ದಿನಸಿ, ಸಿಮೆಂಟು, ಯಂತ್ರದ ಬಿಡಿಭಾಗಗಳು ನಮ್ಮಲ್ಲಿಗೆ ಬರುವುದೂ ಲಾರಿ ಮತ್ತು ಪಿಕಪ್‌ಗಳಲ್ಲಿಯೇ. ಆದುದರಿಂದ ಇಂಧನದ ವೆಚ್ಚವು ಇಲ್ಲಿನ ಪ್ರತಿಯೊಂದು ಸರಕಿನ ಬೆಲೆಯಲ್ಲಿಯೂ ಸೇರಿಕೊಂಡಿದೆ. ಈ ವೆಚ್ಚದಲ್ಲಿ ನಿಜವಾದ ಉಳಿತಾಯ ಎಲ್ಲಿದೆ, ಎಲ್ಲಿ ಅದು ಕೇವಲ ಭ್ರಮೆ ಎಂಬುದನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ.

ತೆರಿಗೆ ಮರಳಿ ಬಾರದು

2017ರ ಜುಲೈ 1ರಂದು ಸರಕು ಮತ್ತು ಸೇವಾ ತೆರಿಗೆ ಜಾರಿಗೆ ಬಂದರೂ ಪೆಟ್ರೋಲ್ ಮತ್ತು ಡೀಸೆಲ್‌ಗಳ ಮೇಲೆ ಅದನ್ನು ವಿಧಿಸಲಾಗಿಲ್ಲ. ಇವುಗಳ ಮೇಲೆ ಕೇಂದ್ರದ ಅಬಕಾರಿ ಸುಂಕ ಹಾಗೂ ರಾಜ್ಯದ ಮಾರಾಟ ತೆರಿಗೆ ಬೀಳುತ್ತವೆ. ಡೀಸೆಲ್ ಮೇಲಿನ ರಾಜ್ಯ ಮಾರಾಟ ತೆರಿಗೆಯು 2025ರ ಏಪ್ರಿಲ್ 1ರಿಂದ ಶೇ. 21.17ಕ್ಕೆ ಏರಿತು. ಈ ತೆರಿಗೆಗೆ ಇನ್‌ಪುಟ್ ಜಮೆ ದೊರೆಯುವುದಿಲ್ಲವಾದ್ದರಿಂದ ಬಂಕಿನಲ್ಲಿ ಕೊಟ್ಟ ಪೂರ್ಣ ಮೊತ್ತವೂ ವರ್ತಕನ ಖರ್ಚೇ ಆಗುತ್ತದೆ. ಸರಕು ವಾಹನದ ಟಯರು, ಎಂಜಿನ್ ಆಯಿಲ್ ಮತ್ತು ದುರಸ್ತಿಯ ಸಂಗತಿ ಬೇರೆ. ರಾಜಿ ತೆರಿಗೆ ಪದ್ಧತಿಯಲ್ಲಿಲ್ಲದ ನೋಂದಾಯಿತ ವರ್ತಕರು ಸರಿಯಾದ ಬಿಲ್ಲು ಪಡೆದರೆ ಅವುಗಳ ತೆರಿಗೆಗೆ ಜಮೆ ಪಡೆಯಬಹುದು.

ಕಡಿಮೆ ಬೆಲೆಯ ಬಂಕನ್ನು ಹುಡುಕಬೇಕೇ?

2017ರ ಜೂನ್ 16ರಿಂದ ದೇಶದಾದ್ಯಂತ ಇಂಧನದ ಬೆಲೆಯನ್ನು ಪ್ರತಿದಿನವೂ ಪರಿಷ್ಕರಿಸುವ ಪದ್ಧತಿ ಬಂದಿತು. ಬದಲಾವಣೆಯಿದ್ದರೆ ಬೆಳಗಿನ 6 ಗಂಟೆಗೆ ಜಾರಿಯಾಗುತ್ತದೆ. ತೈಲ ಸಂಗ್ರಹಾಗಾರದಿಂದ ಬಂಕಿಗೆ ಇರುವ ದೂರವನ್ನು ಅನುಸರಿಸಿ ಊರಿಂದೂರಿಗೆ ಬೆಲೆಯಲ್ಲಿ ಅಲ್ಪ ವ್ಯತ್ಯಾಸ ಇರುತ್ತದೆ. ಲೀಟರಿಗೆ 50 ಪೈಸೆ ಕಡಿಮೆಯೆಂದು 10 ಕಿ.ಮೀ. ದೂರದ ಬಂಕಿಗೆ ಹೋಗಿ 40 ಲೀಟರ್ ತುಂಬಿಸಿದರೆ ಉಳಿಯುವುದು 20 ರೂಪಾಯಿ. ಲೀಟರಿಗೆ 12 ಕಿ.ಮೀ. ಓಡುವ ವಾಹನವು ಹೋಗಿಬರುವ 20 ಕಿ.ಮೀ.ಗೆ ಸುಮಾರು 1.67 ಲೀಟರ್ ಸುಡುತ್ತದೆ. ಲೆಕ್ಕದ ಅನುಕೂಲಕ್ಕಾಗಿ ಲೀಟರಿಗೆ 90 ರೂಪಾಯಿ ಎಂದಿಟ್ಟುಕೊಂಡರೆ ಅದು 150 ರೂಪಾಯಿ. ದಾರಿಯಲ್ಲಿಯೇ ಸಿಗುವ ಬಂಕಿನಲ್ಲಿ ತುಂಬಿಸುವುದೇ ಲಾಭ.

ಮುಂಜಾನೆಯ ತಂಪಿನಲ್ಲಿ ತುಂಬಿಸಿದರೆ ಹೆಚ್ಚು ಇಂಧನ ಸಿಗುತ್ತದೆ ಎಂಬ ನಂಬಿಕೆಯೂ ಉಂಟು. ಒಂದು ಡಿಗ್ರಿ ಸೆಲ್ಸಿಯಸ್ ಉಷ್ಣತೆ ಏರಿದರೆ ಪೆಟ್ರೋಲಿನ ಗಾತ್ರ ಶೇ. 0.1ರಷ್ಟು ಹಿಗ್ಗುವುದು ನಿಜ. ಆದರೆ ಬಂಕಿನ ಟ್ಯಾಂಕು ನೆಲದೊಳಗೆ ಇರುವುದರಿಂದ ಬೆಳಗು ಮಧ್ಯಾಹ್ನಗಳ ನಡುವೆ ಅದರ ಉಷ್ಣತೆ ಅಷ್ಟಾಗಿ ಬದಲಾಗುವುದಿಲ್ಲ.

ಗ್ರಾಹಕನ ಹಕ್ಕುಗಳು

ಮೀಟರು ಸೊನ್ನೆಯಲ್ಲಿದೆಯೇ ಎಂದು ನೋಡುವುದು ಮೊದಲ ಎಚ್ಚರ. ಅಳತೆಯಲ್ಲಿ ಸಂಶಯ ಬಂದರೆ ಬಂಕಿನಲ್ಲಿರುವ 5 ಲೀಟರಿನ ಮುದ್ರೆಯುಳ್ಳ ಅಳತೆ ಪಾತ್ರೆಯಲ್ಲಿ ಹಿಡಿದು ತೋರಿಸುವಂತೆ ಕೇಳಬಹುದು. 25 ಮಿ.ಲೀ.ವರೆಗಿನ ವ್ಯತ್ಯಾಸಕ್ಕೆ ಅವಕಾಶವಿದೆ. ಅದನ್ನು ಮೀರಿದ ಕೊರತೆಯಿದ್ದರೆ ಕಾನೂನು ಮಾಪನಶಾಸ್ತ್ರ ಇಲಾಖೆಗೂ ತೈಲ ಕಂಪನಿಗೂ ದೂರು ಸಲ್ಲಿಸಬಹುದು. ಪೆಟ್ರೋಲಿನ ಶುದ್ಧತೆಯನ್ನು ಫಿಲ್ಟರ್ ಕಾಗದದ ಮೇಲೆ ಹನಿ ಹಾಕಿ ಪರೀಕ್ಷಿಸಬಹುದು. ಶುದ್ಧ ಪೆಟ್ರೋಲು ಕಲೆ ಉಳಿಸದೆ ಆರಿಹೋಗುತ್ತದೆ. ಸಾಂದ್ರತೆಯನ್ನು ಅಳೆದು ದಾಖಲೆಯೊಂದಿಗೆ ಹೋಲಿಸಿ ತೋರಿಸುವಂತೆಯೂ ಕೇಳಬಹುದು.

ರಶೀದಿಯನ್ನು ಪ್ರತಿಬಾರಿಯೂ ಪಡೆಯಿರಿ. ಅದಿಲ್ಲದೆ ದೂರಿಗೂ ಬಲವಿಲ್ಲ, ಲೆಕ್ಕಪತ್ರಕ್ಕೂ ಆಧಾರವಿಲ್ಲ.

ದೊಡ್ಡ ಉಳಿತಾಯ ಎಲ್ಲಿದೆ?

ತಿಂಗಳಿಗೆ 2,400 ಕಿ.ಮೀ. ಓಡುವ ಪಿಕಪ್ ಲೀಟರಿಗೆ 12 ಕಿ.ಮೀ. ಕೊಟ್ಟರೆ 200 ಲೀಟರ್ ಬೇಕು. ಅಳತೆಯಲ್ಲಿ ಮೇಲೆ ಹೇಳಿದ ಮಿತಿಯಷ್ಟೂ ಕೊರತೆ ಬಂದರೆ ತಿಂಗಳ ನಷ್ಟ 1 ಲೀಟರ್, ಅಂದರೆ 90 ರೂಪಾಯಿ. ಅದೇ ವಾಹನ ಲೀಟರಿಗೆ 12.5 ಕಿ.ಮೀ. ಓಡಿದರೆ ಸಾಕಾಗುವುದು 192 ಲೀಟರ್. ಉಳಿತಾಯ ತಿಂಗಳಿಗೆ 720, ವರ್ಷಕ್ಕೆ 8,640 ರೂಪಾಯಿ. ಬಂಕಿನಲ್ಲಿ ಕಾಣುವ ನಷ್ಟಕ್ಕಿಂತ ದಾರಿಯಲ್ಲಿ ಕಾಣದೆ ಸೋರುವ ನಷ್ಟವೇ ದೊಡ್ಡದು.

ಇದನ್ನು ತಿಳಿಯಲು ಒಂದು ಪುಸ್ತಕ ಸಾಕು. ನಳಿಕೆ ತಾನಾಗಿ ನಿಲ್ಲುವವರೆಗೆ ಟ್ಯಾಂಕು ತುಂಬಿಸಿ ಕಿಲೋಮೀಟರನ್ನು ಬರೆದಿಡಿ. ಮುಂದಿನ ಬಾರಿಯೂ ಹಾಗೆಯೇ ತುಂಬಿಸಿ, ಓಡಿದ ದೂರವನ್ನು ಈ ಬಾರಿ ಹಿಡಿದ ಲೀಟರುಗಳಿಂದ ಭಾಗಿಸಿ. ಮೈಲೇಜು ಇಳಿಮುಖವಾದರೆ ಟಯರಿನ ಗಾಳಿ, ಏರ್ ಫಿಲ್ಟರ್, ಬ್ರೇಕಿನ ಹಿಡಿತ, ಅತಿಭಾರ ಇವುಗಳನ್ನು ಪರೀಕ್ಷಿಸಿ.

ಘಟ್ಟ ಇಳಿಯುವಾಗ ಗೇರನ್ನು ನ್ಯೂಟ್ರಲ್‌ಗೆ ಹಾಕುವ ಅಭ್ಯಾಸವನ್ನು ಚಾಲಕರು ಬಿಡಬೇಕು. ಇಂದಿನ ಎಂಜಿನ್‌ಗಳು ಗೇರಿನಲ್ಲಿದ್ದು ಆಕ್ಸಿಲರೇಟರ್ ಬಿಟ್ಟಾಗ ಇಂಧನದ ಹರಿವನ್ನೇ ಕಡಿದುಹಾಕುತ್ತವೆ. ನ್ಯೂಟ್ರಲ್‌ನಲ್ಲಿ ಎಂಜಿನ್ ಓಡುತ್ತಿರಲು ಇಂಧನ ಸುಡುತ್ತಲೇ ಇರಬೇಕು. ಅದಕ್ಕಿಂತ ಮುಖ್ಯವಾಗಿ, ಆಗುಂಬೆಯ 14 ತಿರುವುಗಳಲ್ಲಿ ಬ್ರೇಕನ್ನೊಂದೇ ನಂಬುವುದು ಪ್ರಾಣಕ್ಕೇ ಅಪಾಯ.

ಮಳೆಗಾಲದ ಶೇಖರಣೆ

ಮಳೆಗಾಲದಲ್ಲಿ ವಿದ್ಯುತ್ ಕೈಕೊಟ್ಟಾಗ ಜನರೇಟರಿಗೆಂದು ಇಂಧನ ಕೂಡಿಡುವವರು ಕಾನೂನನ್ನೂ ತೇವವನ್ನೂ ಗಮನಿಸಬೇಕು. 1934ರ ಪೆಟ್ರೋಲಿಯಂ ಕಾಯಿದೆಯ ಪ್ರಕಾರ ಪರವಾನಗಿ ಇಲ್ಲದೆ ಸ್ವಂತ ಬಳಕೆಗೆ ಇಟ್ಟುಕೊಳ್ಳಬಹುದಾದ ಪೆಟ್ರೋಲು 30 ಲೀಟರನ್ನು ಮೀರಬಾರದು. ಪೆಟ್ರೋಲಿನಲ್ಲಿ ಬೆರೆತಿರುವ ಎಥೆನಾಲ್ ನೀರನ್ನು ಹೀರಿಕೊಳ್ಳುತ್ತದೆ. ನೀರು ಹೆಚ್ಚಾದರೆ ಎರಡೂ ಸೇರಿ ತಳದಲ್ಲಿ ಬೇರ್ಪಟ್ಟು ನಿಲ್ಲುತ್ತವೆ. ಆದ್ದರಿಂದ ಬಿಗಿ ಮುಚ್ಚಳದ ಲೋಹದ ಡಬ್ಬಿಯಲ್ಲಿಟ್ಟು, ಮೊದಲು ತಂದದ್ದನ್ನು ಮೊದಲು ಬಳಸುವುದು ಲೇಸು.

ಬೆಲೆಯನ್ನು ನಿರ್ಧರಿಸುವ ಅಧಿಕಾರ ವರ್ತಕನಿಗಿಲ್ಲ. ಅಳತೆಯನ್ನು ಕೇಳುವ ಹಕ್ಕು ಮತ್ತು ಲೆಕ್ಕ ಬರೆಯುವ ಶಿಸ್ತು ಅವನ ಕೈಯಲ್ಲಿವೆ. ಈ ತಿಂಗಳಿನಿಂದಲೇ ವಾಹನಕ್ಕೊಂದು ಪುಸ್ತಕ ತೆರೆಯುವುದು ಒಳಿತು.